ಎರಡನೇ ಸಲವೂ ಸಿಮೆಂಟ್ ಎದ್ದು ಬಂತು, ನೆಲ ಮಟ್ಟ ಮಾಡೋದು ಹೇಗೆ?

ಅರೆಬರೆಗಾರೆ: ತಲೆ ಕೆಟ್ಟುಹೋಗಿದೆ. ರೂಮಿನ ಒಂದು ಮೂಲೆ ತಗ್ಗು. ಅಲ್ಲಿ ಬೀರು ಇಟ್ಟರೆ ಬಾಗಿಲು ತಾನಾಗೇ ತೆರ್ಕೊಳ್ಳುತ್ತೆ. ಸಿಮೆಂಟು, ಮರಳು ಕಲಸಿ ಬಳಿದೆ, ಎರಡೇ ವಾರಕ್ಕೆ ಚಕ್ಕೆಚಕ್ಕೆಯಾಗಿ ಎದ್ದುಬಂತು. ಕಿತ್ತು ಮತ್ತೆ ಹಾಕಿದೆ, ಸಿಮೆಂಟ್ ಜಾಸ್ತಿ ಮಾಡಿ. ಅದೂ ಹೋಯ್ತು. ಪೂರ್ತಿ ಒಡೆಸೋಕೆ ದುಡ್ಡಿಲ್ಲ.

ತೇವವೈರಿ: ಕೆಳಗಿಂದ ತೇವ ಏರ್ತಿದೆ, ಬೇಕಾದ್ರೆ ಬರ್ಕೊಡ್ತೀನಿ. ಅರ್ಧ ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಒಳಗೆ ಹನಿ ಕಟ್ಟುತ್ತೆ.

ಅರೆಬರೆಗಾರೆ: ಮಾಡಿದೆ. ಒಣಗೇ ಇದೆ.

ತೇವವೈರಿ: ಒಂದು ದಿನ ಸಾಲದು, ಮೂರು ದಿನ ಬಿಡಿ.

ಅರೆಬರೆಗಾರೆ: ಮೂರು ದಿನವೂ ಆಯ್ತು ಸಾರ್, ಒಂದು ಹನಿಯಿಲ್ಲ. ನಮ್ಮದು ಎರಡನೇ ಮಹಡಿ, ಕೆಳಗೂ ಜನ ಇದ್ದಾರೆ.

ಹಳೇಕರಣೆ: ಅದನ್ನ ಮೊದಲೇ ಹೇಳಬಾರದಾ ಮಾರಾಯ! ನೆಲ ಎಂಥದ್ದು, ತಗ್ಗು ಎಷ್ಟು?

ಲೇಸರ್‌ಗೀಳು: ನನ್ನ ಹತ್ರ ಮಟ್ಟ ನೋಡೋ ಹಸಿರು ಲೇಸರ್ ಇದೆ, ಟ್ರೈಪಾಡ್ ಸಮೇತ. ಐದೇ ನಿಮಿಷಕ್ಕೆ ಇಡೀ ಮನೆ ಅಳೀತೀನಿ. ಹಿಡಿತಕ್ಕೆ ಪ್ರೈಮರ್ ಹೊಡೆದು ಸೆಲ್ಫ್ ಲೆವೆಲಿಂಗ್ (ತಾನೇ ಹರಿದು ಮಟ್ಟ ಆಗೋ ಸಿಮೆಂಟ್ ಮಿಶ್ರಣ) ಸುರಿದುಬಿಡಿ, ಕಥೆ ಮುಗೀತು.

ಹಳೇಕರಣೆ: ದುಡ್ಡಿಲ್ಲ ಅಂದಿದ್ದು ಓದಲಿಲ್ವಾ? ಅಳೆಯೋಕೆ ಪಾರದರ್ಶಕ ಪೈಪಿಗೆ ನೀರು ತುಂಬಿದರೆ ಸಾಕು, ಎರಡೂ ತುದೀಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ.

ಲೇಸರ್‌ಗೀಳು: ಪೈಪಲ್ಲಿ ಒಂದು ಗುಳ್ಳೆ ಉಳಿದ್ರೂ ಲೆಕ್ಕ ತಪ್ಪುತ್ತೆ.

ಹಳೇಕರಣೆ: ಗುಳ್ಳೆ ಕಣ್ಣಿಗೆ ಕಾಣುತ್ತೆ. ಕೆಡವಿದ ಲೇಸರ್ ಸುಳ್ಳು ಹೇಳೋದು ಕಾಣಲ್ಲ.

ಅರೆಬರೆಗಾರೆ: ಜಗಳ ಆಮೇಲೆ. ನೇರ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿದೆ: ಮೂಲೇಲಿ 8 ಮಿ.ಮೀ., ಬಾಗಿಲ ಕಡೆ ಬರ್ತಾ ಸೊನ್ನೆ. ಹಳೇ ರೆಡ್ ಆಕ್ಸೈಡ್ ನೆಲ, ವರ್ಷಗಟ್ಟಲೆ ಮೇಣ ತಿಕ್ಕಿದ್ದು. ಮುಖ ಕಾಣುತ್ತೆ, ಅಷ್ಟು ಹೊಳಪು.

ಹಳೇಕರಣೆ: ರೋಗ ಸಿಕ್ತು. ಮೇಣದ ಮೇಲೆ ಸಿಮೆಂಟ್ ಹಿಡಿಯುತ್ತಾ? ನಾಲ್ಕು ಹನಿ ನೀರು ಚಿಮುಕಿಸಿ ನೋಡು, ಗುಂಡಗೆ ನಿಂತ್ರೆ ಮೇಣ ಇನ್ನೂ ಇದೆ. ಟರ್ಪೆಂಟೈನಲ್ಲಿ ಉಜ್ಜು, ಕಿಟಕಿ ತೆಗೆದಿಟ್ಟು. ಆಮೇಲೆ ಉಳಿಯಲ್ಲಿ ನೆಲದ ತುಂಬಾ ಕಚ್ಚು ಹೊಡಿ, ಧೂಳು ಪೂರ್ತಿ ಗುಡಿಸು. ನೆಲ ಒದ್ದೆ ಮಾಡು, ಆದ್ರೆ ನೀರು ನಿಲ್ಲಬಾರದು. ಲೇಟೆಕ್ಸ್ (ಹಿಡಿತಕ್ಕೆ ಸಿಮೆಂಟಿಗೆ ಸೇರಿಸೋ ಹಾಲಿನಂಥ ದ್ರವ) ಬೆರೆಸಿದ ಸಿಮೆಂಟ್ ಸ್ಲರಿ, ಅಂದ್ರೆ ಗಂಜಿ, ಬ್ರಶ್ಶಲ್ಲಿ ತಿಕ್ಕು, ಅದು ಹಸಿಯಿರುವಾಗಲೇ 1:3 ಗಾರೆ (ಒಂದು ಪಾಲು ಸಿಮೆಂಟ್, ಮೂರು ಪಾಲು ಮರಳು) ಹಾಕು, ಅದಕ್ಕೂ ಲೇಟೆಕ್ಸ್ ಇರಲಿ. ಸ್ಲರಿ ಒಣಗಿದ್ರೆ ಅಂಟೋ ಬದಲು ಬಿಡಿಸುತ್ತೆ. ಇನ್ನೊಂದು, ಸೊನ್ನೆಗೆ ಬರೋ ಅಂಚು ಎಷ್ಟು ಸಲ ಬಳಿದ್ರೂ ಒಡೆಯುತ್ತೆ. ಅಲ್ಲಿ 5 ಮಿ.ಮೀ. ಆಳಕ್ಕೆ ಗೆರೆ ಕೊರೆದು ಮೆಟ್ಟಿಲ ಹಾಗೆ ಇಳಿಸು, ಗಾರೆಗೆ ಅಂಚಲ್ಲೂ ದಪ್ಪ ಸಿಗಲಿ. ಇಡೀ ರೂಮಿಗೆ ದಪ್ಪ ಪದರ ಬೇಡ. 25 ಮಿ.ಮೀ. ಅಂದ್ರೆ ಚದರ ಮೀಟರಿಗೆ ಸುಮಾರು 50 ಕೆಜಿ, ಮಹಡಿ ಮೇಲೆ ಅದು ಆಟವಲ್ಲ.

ತೇವವೈರಿ: ಆದ್ರೂ ಮಳೆಗಾಲದಲ್ಲಿ ಇನ್ನೊಂದು ಸಲ ಹಾಳೆ ಹಾಕಿ ನೋಡಿ.

ಅರೆಬರೆಗಾರೆ: ಉಳಿ ಹಿಡಿಯೋ ಮುಂಚೆ ನಾಣ್ಯದಲ್ಲಿ ತಟ್ಟಿ ನೋಡಿದೆ. ಗೋಡೆ ಪಕ್ಕ ಎರಡು ಅಂಗೈ ಅಗಲ ಟೊಳ್ಳು ಸದ್ದು. ಅದನ್ನೂ ಕೀಳಬೇಕಾ?

ಹಳೇಕರಣೆ: ಟೊಳ್ಳು ಸದ್ದು ಅಂದ್ರೆ ಅಡಿಯಿಂದ ಬಿಟ್ಟಿದೆ, ಕೀಳದೆ ಗತಿಯಿಲ್ಲ. ಗಟ್ಟಿ ಸದ್ದು ಬರೋವರೆಗೂ ತೆಗಿ.

ಲೇಸರ್‌ಗೀಳು: ಅಂದಹಾಗೆ ಹೊಸ ಟ್ರೈಪಾಡಿನ ಫೋಟೋ ಹಾಕಿದೀನಿ, ನೋಡಿ.