ಟರ್ಫಿನಲ್ಲಿ ಗೆದ್ದ ಕುದುರೆ ಡರ್ಟಿಗೆ ಇಳಿದಾಗ

ಅಳಿಯಾ, ದುಬೈಯ ಕುದುರೆಪಂದ್ಯದ ಅಂಗಣವಾದ ಮೇದಾನಿನ ಟರ್ಫಿನಲ್ಲಿ, ಅಂದರೆ ಹುಲ್ಲಿನ ನೆಲದಲ್ಲಿ, ಸತತ ಮೂರು ಸಲ ಗೆದ್ದ ಕುದುರೆಯನ್ನು ಈ ವಾರ ಮೊದಲ ಬಾರಿಗೆ ಡರ್ಟಿನಲ್ಲಿ, ಅಂದರೆ ಮಣ್ಣಿನ ಟ್ರ್ಯಾಕಿನಲ್ಲಿ, ಓಡಿಸುತ್ತಿದ್ದಾರೆ, ಅದನ್ನೇ ಬರೆಯಲೇ ಎಂದು ನಿನ್ನೆ ರಾತ್ರಿ ಕೇಳಿದ್ದೀಯಲ್ಲ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ. ದುಬೈಯಲ್ಲಿ ಬಾಜಿ ಕಟ್ಟುವುದಕ್ಕಿಲ್ಲ, ನೀನು ತುಂಬುವುದು ಗೆಲ್ಲುವ ಕುದುರೆಯ ಹೆಸರು ಬರೆಯುವ, ದುಡ್ಡಿಲ್ಲದ ಸ್ಪರ್ಧೆಯ ಚೀಟಿ ಎಂಬುದನ್ನು ಅಕ್ಕನೂ ಕೇಳಿಸಿಕೊಳ್ಳಲಿ. ಇಲ್ಲವಾದರೆ ಮಂಜೇಶ್ವರದಿಂದ ನನಗೇ ಫೋನು ಬರುತ್ತದೆ.

ಗೆಲುವುಗಳ ಲೆಕ್ಕವನ್ನು ಬದಿಗಿಟ್ಟು, ಆ ಕುದುರೆ ಗೆದ್ದದ್ದು ಹೇಗೆ ಎಂದು ನೋಡು. ನೀನು ಕಳುಹಿಸಿದ ಮೂರೂ ವಿಡಿಯೊಗಳಲ್ಲಿ ಅದು ಕೊನೆಯಿಂದ ಎರಡನೆಯದಾಗಿ ಸುಮ್ಮನೆ ಬಂದು, ಕಡೆಯ ನೇರ ಹಾದಿಯಲ್ಲಿ ಒಮ್ಮೆಲೇ ಹಾರಿದೆ. ಟರ್ಫಿನಲ್ಲಿ ಮೊದಲರ್ಧ ಸಾಮಾನ್ಯವಾಗಿ ನಿಧಾನ, ಆದ್ದರಿಂದ ಆ ಹಾರಿಕೆಗೆ ಬೆಲೆಯಿದೆ. ಡರ್ಟಿನಲ್ಲಿ ಗೇಟು ತೆರೆದ ಕೂಡಲೇ ಬಿರುಸು. ಕೊನೆಯಲ್ಲಿ ಎಲ್ಲ ಕುದುರೆಗಳೂ ದಣಿದಿರುತ್ತವೆ, ಕಡಿಮೆ ದಣಿದದ್ದು ಗೆಲ್ಲುತ್ತದೆ. ಅದೂ ಅಲ್ಲದೆ ಮೇದಾನಿನ ಟರ್ಫ್ ಸುತ್ತು 2400 ಮೀಟರ್, ಒಳಗಿನ ಡರ್ಟ್ ಸುತ್ತು 1750 ಮೀಟರ್ ಮಾತ್ರ. ಅಷ್ಟು ಬಿಗಿಯಾದ ತಿರುವಿನಲ್ಲಿ ಹೊರಗಿನಿಂದ ಬಳಸಿ ಬರುವ ಕುದುರೆ ಹೆಚ್ಚಿನ ನೆಲವನ್ನು ಓಡಬೇಕಾಗುತ್ತದೆ.

ಇನ್ನು ಮುಖಕ್ಕೆ ಬಡಿಯುವ ಮಣ್ಣು. ನಾನು ಬೆಂಗಳೂರಿನ ಲಾಯದಲ್ಲಿದ್ದಾಗ ಬೆಳಗಿನ ಹೊತ್ತು ಮರಳಿನ ಟ್ರ್ಯಾಕಿನಿಂದ ಮರಳಿದ ಕುದುರೆಗಳ ರೆಪ್ಪೆ ಮತ್ತು ಮೂಗಿನ ಹೊಳ್ಳೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುವುದೇ ಒಂದು ಕೆಲಸವಾಗಿತ್ತು. ಹುಲ್ಲಿನ ಮೇಲೆ ಹಠಮಾರಿಯಂತೆ ಓಡುತ್ತಿದ್ದ ಒಂದು ಕೆಂದು ಹೆಣ್ಣುಕುದುರೆ, ಮರಳಿನಲ್ಲಿ ಇನ್ನೊಂದರ ಹಿಂದೆ ಬಿದ್ದೊಡನೆ ತಲೆಯನ್ನು ಆಕಾಶಕ್ಕೆತ್ತಿ ಓಟವನ್ನೇ ಬಿಟ್ಟುಬಿಡುತ್ತಿತ್ತು. ಪೈವಳಿಕೆಯ ಕಂಬಳದ ಕೋಣಗಳಿಗೆ ಈ ಕಷ್ಟವಿಲ್ಲ, ಏಕೆಂದರೆ ಜೋಡುಕರೆಯಲ್ಲಿ ಪ್ರತಿ ಜೋಡಿಗೂ ತನ್ನದೇ ಕರೆ, ಅಂದರೆ ಕೆಸರಿನ ಓಟದ ದಾರಿ. ನಿನ್ನ ಕುದುರೆಗಾದರೋ ಒಂದನೇ ಗೇಟು ಬಿದ್ದಿದೆ. ಮುನ್ನುಗ್ಗುವ ಅಭ್ಯಾಸವಿಲ್ಲದ ಅದು ಒಳಬದಿಯಲ್ಲಿ ಸಿಕ್ಕಿಕೊಂಡು ಎಲ್ಲರ ಮಣ್ಣನ್ನೂ ತಿನ್ನುತ್ತದೆ.

ಮೂರನೆಯದು ರಕ್ತ, ಅಂದರೆ ವಂಶ. 2000ದ ಬ್ರೀಡರ್ಸ್ ಕಪ್ ಕ್ಲಾಸಿಕ್ ಎಂಬ ಅಮೆರಿಕದ ಡರ್ಟ್ ಓಟದಲ್ಲಿ ಟರ್ಫಿನ ಕುದುರೆ ಜಯಂಟ್ಸ್ ಕಾಸ್‌ವೇ ಮೊದಲ ಬಾರಿಗೆ ಡರ್ಟಿಗಿಳಿದು ಟಿಜ್‌ನೌಗೆ ಒಂದು ಕುತ್ತಿಗೆಯಷ್ಟರಲ್ಲಿ ಮಾತ್ರ ಸೋತಿತು. ಅದು ಮುಂದಿನ ಸಾಲಿನಲ್ಲೇ ಸೆಣಸುವ ಕುದುರೆ, ತಂದೆ ಅಮೆರಿಕದ ಸ್ಟಾರ್ಮ್ ಕ್ಯಾಟ್. ಮರುವರ್ಷ ಅದೇ ಓಟಕ್ಕೆ ಬಂದ ಗೆಲಿಲಿಯೊ ಇಂಗ್ಲೆಂಡಿನ ಎಪ್ಸಮ್ ಡರ್ಬಿ ಗೆದ್ದ ಕುದುರೆಯಾದರೂ, ತಂದೆ ಸ್ಯಾಡ್ಲರ್ಸ್ ವೆಲ್ಸ್‌ನ ಟರ್ಫಿನ ರಕ್ತ ಅದರದ್ದು, ಆರನೆಯದಾಗಿ ಮುಗಿಸಿತು. ಅಗಲ ಗೊರಸು ಹುಲ್ಲಿಗೆ, ಕಿರಿದು ಮಣ್ಣಿಗೆ ಎನ್ನುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ನಿನ್ನ ಗೆಳೆಯ ಹೇಳಿದ, 2011ರಲ್ಲಿ ದುಬೈ ವರ್ಲ್ಡ್ ಕಪ್ ಓಟ ಗೆದ್ದ ಟರ್ಫಿನ ಕುದುರೆ ವಿಕ್ಟೊಯಿರ್ ಪೀಸಾ ಇಲ್ಲಿ ಸಾಕ್ಷಿಯಾಗುವುದಿಲ್ಲ. ಆಗ ಮೇದಾನಿನಲ್ಲಿ ಇದ್ದದ್ದು ಟಪೀಟಾ ಎಂಬ ಕೃತಕ ನೆಲ, ದುಬೈ ವರ್ಲ್ಡ್ ಕಪ್ ಮತ್ತೆ ಡರ್ಟಿಗೆ ಬಂದದ್ದು 2015ರಲ್ಲಿ. ಅಮೆರಿಕದ ಕುದುರೆ ಸಿಗಾರ್‌ನ ಕಥೆಯಾದರೆ ಒಪ್ಪುತ್ತೇನೆ: ಟರ್ಫಿನಲ್ಲಿ 11 ಓಟಗಳಲ್ಲಿ ಒಂದನ್ನು ಗೆದ್ದಿದ್ದ ಅದು, 1994ರ ಅಕ್ಟೋಬರಿನಲ್ಲಿ ಮತ್ತೆ ಡರ್ಟಿಗೆ ಬಂದದ್ದೇ ಸತತ 16 ಗೆದ್ದು, 1996ರ ಮೊತ್ತಮೊದಲ ದುಬೈ ವರ್ಲ್ಡ್ ಕಪ್ಪನ್ನೂ ಕೊಂಡೊಯ್ದಿತು. ಆದರೆ ಅದು ಮುಂದೆ ನಿಂತೇ ಓಡುವ ಕುದುರೆ.

ಆದ್ದರಿಂದ ಈ ವಾರ ಅದನ್ನು ಬರೆಯಬೇಡ. ಮೊದಲ ನಾನೂರು ಮೀಟರಿನಲ್ಲಿ ತಲೆ ತಗ್ಗಿಸಿ ಮಣ್ಣಿನೊಳಗೆ ನುಗ್ಗುತ್ತದೆಯೇ, ತಲೆಯೆತ್ತಿ ಹಿಂಜರಿಯುತ್ತದೆಯೇ ಎಂದು ಮಾತ್ರ ನೋಡಿ, ವಿಡಿಯೊವನ್ನು ಗುಂಪಿಗೆ ಹಾಕು. ನುಗ್ಗಿದರೆ, ನಾಲ್ಕನೆಯದಾಗಿ ಬಂದರೂ ಚಿಂತೆಯಿಲ್ಲ, ಮುಂದಿನ ಸಲ ಹೊರಗಿನ ಗೇಟು ಸಿಕ್ಕಿದಾಗ ಧೈರ್ಯವಾಗಿ ಬರೆಯಬಹುದು.