ಥಂಡರ್ ಲೆಕ್ಕ ಕೂಡುತ್ತಿಲ್ಲ: 2026ರಲ್ಲಿ ಹಾರ್ಟೆನ್‌ಸ್ಟೈನ್ ಉಳಿಯಬೇಕೋ, ಡಾರ್ಟ್ ಉಳಿಯಬೇಕೋ?

ಸಂಬಳದ ಗುಮಾಸ್ತ, ಶಿವಮೊಗ್ಗ (ಜುಲೈ 2025)

ಎಲ್ಲರಿಗೂ ನಮಸ್ಕಾರ. ನಾನು ಒಂದು ಶಾಲೆಯಲ್ಲಿ ಸಂಬಳದ ಬಿಲ್ ಬರೆಯುವವನು. ಜೂನ್ 23ರ ಬೆಳಗಿನ ಜಾವ ಐದೂವರೆಗೆ ಎದ್ದು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಫೈನಲ್‌ನ ಏಳನೇ ಪಂದ್ಯ ನೋಡಿದೆ. ಮನೆಯವರು ಮಲಗಿದ್ದರು, ಟಿವಿ ಮ್ಯೂಟ್. ನಮ್ಮ ಓಕ್ಲಹೋಮಾ ಸಿಟಿ ಥಂಡರ್ ಗೆದ್ದಾಗ ದಿಂಬು ಕಚ್ಚಿಕೊಂಡು ಕೂಗಿದೆ.

ಜುಲೈ ಬಂತು, ತಂಡದ ಮೂವರು ತಾರೆಯರಿಗೆ ದೊಡ್ಡ ಒಪ್ಪಂದ ಬಂದವು, ನನ್ನೊಳಗಿನ ಗುಮಾಸ್ತ ಎದ್ದು ಕೂತ. ಗಿಲ್ಜಸ್-ಅಲೆಕ್ಸಾಂಡರ್‌ಗೆ (ಎಸ್‌ಜಿಎ) 4 ವರ್ಷಕ್ಕೆ 28.5 ಕೋಟಿ ಡಾಲರ್, ಅದು 2027-28ರಿಂದ. ಚೆಟ್ ಹೋಮ್‌ಗ್ರೆನ್‌ಗೆ 5 ವರ್ಷಕ್ಕೆ 25 ಕೋಟಿವರೆಗೆ, ಜೇಲನ್ ವಿಲಿಯಮ್ಸ್‌ಗೆ 28.7 ಕೋಟಿವರೆಗೆ. ಇವೆರಡೂ 2026-27ರಿಂದಲೇ.

ಹಳೇ ಅಟೆಂಡೆನ್ಸ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದೆ. ಈ ವರ್ಷದ ಕ್ಯಾಪ್ (ತಂಡದ ಒಟ್ಟು ಸಂಬಳದ ಮಿತಿ, ಕೆಲವು ಸಂದರ್ಭದಲ್ಲಿ ಮೀರಬಹುದು) 15.46 ಕೋಟಿ. 2026-27ಕ್ಕೆ ಶೇಕಡಾ 7 ಏರಿದರೆ 16.5. ಚೆಟ್ ಮತ್ತು ಜೇಲನ್‌ಗೆ ಅದರ ಕಾಲುಭಾಗ, ತಲಾ 4.1. ಎಸ್‌ಜಿಎಗೂ ಆ ವರ್ಷ 4.1ರ ಹತ್ತಿರ. ಮೂವರಿಗೇ 12.3 ಹೋಯಿತು. ಹಾರ್ಟೆನ್‌ಸ್ಟೈನ್ 2.85, ಕರೂಸೊ ಹತ್ತಿರಹತ್ತಿರ 2, ಲೂ ಡಾರ್ಟ್ 1.8. ಜೋ, ವಿಗ್ಗಿನ್ಸ್, ವಾಲೆಸ್ ಮತ್ತು ಉಳಿದ ಹುಡುಗರನ್ನೆಲ್ಲ ಸೇರಿಸಿದರೆ 24.5 ಮುಟ್ಟುತ್ತದೆ. ಎರಡನೇ ಏಪ್ರನ್ ಗೆರೆ (ದಾಟಿದರೆ ಕಠಿಣ ನಿರ್ಬಂಧ ಬೀಳುವ ಮೇಲಿನ ಮಿತಿ) ಈಗ 20.78, ಆಗ 22.2 ಇರಬಹುದು. ಅಂದರೆ 2 ಕೋಟಿ 30 ಲಕ್ಷ ಡಾಲರ್ ಜಾಸ್ತಿ!

ಮಾಲೀಕರ ಹತ್ತಿರ ದುಡ್ಡಿದೆ. ದಂಡ ಕಟ್ಟಿ ಎಲ್ಲರನ್ನೂ ಇಟ್ಟುಕೊಳ್ಳಬಹುದಲ್ವಾ?

ಕೋರ್ಟ್ ಪಕ್ಕದವ, ಮೈಸೂರು

ಗುಮಾಸ್ತರೇ, ಕೂಡುವುದು ಸರಿ ಇದೆ. ಆದರೆ ದಂಡ ಕಟ್ಟಿದರೆ ಮುಗಿಯಿತು ಅನ್ನುವ ಕಾಲ ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಹೊಸ ಒಪ್ಪಂದದೊಂದಿಗೆ ಹೋಯಿತು. ಎರಡನೇ ಗೆರೆ ದಾಟಿದರೆ ಕೈಯನ್ನೇ ಕಟ್ಟಿಹಾಕುತ್ತಾರೆ. ಇಬ್ಬರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವ ಹಾಗಿಲ್ಲ. ಟ್ರೇಡ್‌ನಲ್ಲಿ (ಆಟಗಾರರ ವಿನಿಮಯದಲ್ಲಿ) ನಗದು ಕೊಡುವ ಹಾಗಿಲ್ಲ. ಏಳು ವರ್ಷ ಆಚೆಯ ಮೊದಲ ಸುತ್ತಿನ ಪಿಕ್ (ವರ್ಷಕ್ಕೊಮ್ಮೆ ನಡೆಯುವ ಡ್ರಾಫ್ಟ್‌ನಲ್ಲಿ ಹೊಸ ಹುಡುಗನನ್ನು ಆರಿಸುವ ಸರದಿ) ಮಾರುವ ಹಾಗಿಲ್ಲ. ಮುಂದಿನ ನಾಲ್ಕು ವರ್ಷದಲ್ಲಿ ಇನ್ನೆರಡು ಸಲ ದಾಟಿದರೆ ಆ ಪಿಕ್ ಸುತ್ತಿನ ಕೊನೆಗೇ ಹೋಗಿ ಬೀಳುತ್ತದೆ. ಬೋಸ್ಟನ್ ನೋಡಿ. 2024ರಲ್ಲಿ ಕಪ್ ಎತ್ತಿದವರು ಈ ಬೇಸಿಗೆಯಲ್ಲಿ ಹಾಲಿಡೇಯನ್ನು ಪೋರ್ಟ್‌ಲ್ಯಾಂಡ್‌ಗೂ ಪೋರ್ಜಿಂಗಿಸ್‌ನನ್ನು ಅಟ್ಲಾಂಟಾಕ್ಕೂ ಕಳಿಸಿದರು. ಅವರ ತಾರೆ ಟೇಟಮ್ ಹಿಮ್ಮಡಿ ನರ ಹರಿದುಕೊಂಡಿದ್ದೂ ಒಂದು ಕಾರಣ, ಆದರೆ ದೊಡ್ಡ ಕಾರಣ ಈ ಗೆರೆಯೇ.

ಈಗ ನಿಮ್ಮ ಪ್ರಶ್ನೆ. ಹಾರ್ಟೆನ್‌ಸ್ಟೈನ್, ಡಾರ್ಟ್ ಇಬ್ಬರದೂ 2026-27 ಟೀಮ್ ಆಪ್ಷನ್, ಅಂದರೆ ಆ ವರ್ಷ ಇಟ್ಟುಕೊಳ್ಳುವುದು ಬಿಡುವುದು ತಂಡದ ಇಷ್ಟ. ಬೇಡ ಅಂದರೆ ಆ ಸಂಬಳ ಲೆಕ್ಕದಿಂದ ಅಳಿಸಿಹೋಗುತ್ತದೆ. ಆದರೆ ಬೇಡ ಅನ್ನುವುದಕ್ಕೂ ಕಳಿಸಿಬಿಡುವುದಕ್ಕೂ ವ್ಯತ್ಯಾಸ ಇದೆ. ಸ್ವಂತ ಆಟಗಾರನ ಜತೆ ಕ್ಯಾಪ್ ಮೀರಿಯೂ ಹೊಸ ಒಪ್ಪಂದ ಮಾಡಬಹುದು. ನಾನಾಗಿದ್ದರೆ ಹಾರ್ಟೆನ್‌ಸ್ಟೈನ್‌ಗೆ "2.85 ಒಂದೇ ವರ್ಷ ಯಾಕೆ, ವರ್ಷಕ್ಕೆ 2ರಂತೆ ಮೂರು ವರ್ಷ ಗ್ಯಾರಂಟಿ ತಗೊಳ್ಳಿ" ಅನ್ನುತ್ತಿದ್ದೆ. ಚೆಟ್‌ಗೆ ನವೆಂಬರ್‌ನಲ್ಲಿ ಸೊಂಟದ ಮೂಳೆ ಮುರಿದಿತ್ತು, ನೆನಪಿದೆಯಾ? ಆಗ ಹಾರ್ಟೆನ್‌ಸ್ಟೈನ್‌ನಂಥ ಎತ್ತರದ ಆಳು ಎಷ್ಟು ಮುಖ್ಯ ಅಂತ ಗೊತ್ತಾಯಿತು. ಡಾರ್ಟ್ ಮಾಡುವ ಕೆಲಸವನ್ನು ಕೇಸನ್ ವಾಲೆಸ್ 75 ಲಕ್ಷ ಡಾಲರ್‌ಗೆ ಮಾಡುತ್ತಾನೆ. ಹಾಗಾಗಿ ಡಾರ್ಟ್ ಹೋಗಲಿ.

ಹಳೇ ಗಾಯ, ಹುಬ್ಬಳ್ಳಿ

ಎಷ್ಟು ಸಲೀಸಾಗಿ ಹೇಳಿಬಿಟ್ಟಿರಿ ಸರ್! ಡಾರ್ಟ್ 2019ರ ಡ್ರಾಫ್ಟ್‌ನಲ್ಲಿ ಯಾರೂ ಕರೆಯದ ಹುಡುಗ. ಈ ವರ್ಷ ಲೀಗ್‌ನ ಅತ್ಯುತ್ತಮ ರಕ್ಷಣಾ ಆಟಗಾರರ ಪಟ್ಟಿಯಾದ ಆಲ್-ಡಿಫೆನ್ಸಿವ್ ಮೊದಲ ತಂಡದಲ್ಲಿದ್ದಾನೆ. ಅವನು ಎದೆ ಕೊಟ್ಟು ನಿಂತರೆ ಎದುರಿನವನಿಗೆ ಚೆಂಡು ನೆಲಕ್ಕೆ ಬಡಿಯುವುದೂ ಕಷ್ಟ.

2012ರಲ್ಲೂ ಥಂಡರ್‌ನವರು ಹೀಗೇ ಲೆಕ್ಕ ಹಾಕಿದರು. ಜೂನ್‌ನಲ್ಲಿ ಫೈನಲ್ ಆಡಿದ ತಂಡ. ಡ್ಯುರಾಂಟ್, ವೆಸ್ಟ್‌ಬ್ರೂಕ್, ಹಾರ್ಡನ್, ಇಬಾಕ. ಅಕ್ಟೋಬರ್‌ನಲ್ಲಿ ಹಾರ್ಡನ್ ಹ್ಯೂಸ್ಟನ್‌ಗೆ. ಹಾಸ್ಟೆಲ್‌ನಲ್ಲಿದ್ದೆ, ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು ಸುದ್ದಿ ನೋಡಿ ಊಟ ಬಿಟ್ಟೆ. ತಂಡ ಮತ್ತೆ ಫೈನಲ್ ಮುಟ್ಟಲು 2025 ಬರಬೇಕಾಯಿತು.

ಒಂದು ಒಪ್ಪುತ್ತೇನೆ. ಆಗಲೂ ಈಗಲೂ ಲೆಕ್ಕ ಬರೆಯುವವರು ತಂಡದ ಜನರಲ್ ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿಯೇ, ಅವರು ಪಾಠ ಕಲಿತಿದ್ದಾರೆ. ಹಾರ್ಡನ್ ಬದಲಿಗೆ ಬಂದ ಪಿಕ್‌ನಲ್ಲಿ 12ನೆಯವನಾಗಿ ಸ್ಟೀವನ್ ಆಡಮ್ಸ್ ಸಿಕ್ಕ. 2019ರಲ್ಲಿ ಪಾಲ್ ಜಾರ್ಜ್‌ನನ್ನು ಕ್ಲಿಪ್ಪರ್ಸ್‌ಗೆ ಕೊಟ್ಟು ಎಸ್‌ಜಿಎ ಜತೆಗೆ ಐದು ಪಿಕ್ ತಗೊಂಡರು. ಅದರಲ್ಲೊಂದು 2022ರಲ್ಲಿ ಜೇಲನ್ ಆಯಿತು, ಅವನೂ 12ನೆಯವನೇ. ಅದೇ ಸಾಲಿನ 2026ರ ಪಿಕ್ ಇನ್ನೂ ಕೈಯಲ್ಲಿದೆ. ಹೊಸ ಹುಡುಗರ ಸಂಬಳ ಕಡಿಮೆ. ಬೆಂಚ್ ಅವರಿಂದ ತುಂಬಿಸಿ, ಡಾರ್ಟ್‌ನನ್ನು ಮುಟ್ಟಬೇಡಿ.

ಓಕ್ಲಹೋಮಾ ಸಿಟಿಯಿಂದ

ಇಲ್ಲಿ ನೆಲೆಸಿ ಒಂಬತ್ತು ವರ್ಷ. 2023ರ ಡಿಸೆಂಬರ್‌ನಲ್ಲಿ ಹೊಸ ಅರೀನಾಕ್ಕೆ ಓಟು ನಡೆಯಿತು. ಕನಿಷ್ಠ 90 ಕೋಟಿ ಡಾಲರ್ ಖರ್ಚು. ಅದಕ್ಕೆ ಡಾಲರ್‌ಗೆ ಒಂದು ಸೆಂಟ್ ಸೇಲ್ಸ್ ಟ್ಯಾಕ್ಸ್ ಇನ್ನೂ ಆರು ವರ್ಷ ಮುಂದುವರಿಯುತ್ತದೆ. ತಂಡದ ಪಾಲು 5 ಕೋಟಿ. ಆದ್ದರಿಂದ ಮಾಲೀಕರು ಒಂದೆರಡು ವರ್ಷ ದಂಡ ಕಟ್ಟಲಿ ಅಂತಲೇ ನಾನು ಹೇಳುವುದು. ನನ್ನ ಅಂಗಡಿ ಬಿಲ್‌ನಲ್ಲಿ ನಾನು ಕಟ್ಟುತ್ತಿಲ್ವಾ?

ಸಂಬಳದ ಗುಮಾಸ್ತ, ಶಿವಮೊಗ್ಗ

ಎಲ್ಲರಿಗೂ ಧನ್ಯವಾದ. ಹುಬ್ಬಳ್ಳಿಯವರು ಬೈಯಬೇಡಿ, ಡಾರ್ಟ್ ಹೆಸರನ್ನು ಪೆನ್ಸಿಲ್‌ನಲ್ಲೇ ಹೊಡೆದಿದ್ದೇನೆ. ಹಾರ್ಟೆನ್‌ಸ್ಟೈನ್‌ಗೆ 2 ಹಾಕಿದೆ. 21.9 ಬಂತು, ಕೂದಲೆಳೆಯಲ್ಲಿ ಗೆರೆಯೊಳಗೆ. ಖುಷಿಯಿಂದ ಚಹಾ ಕುಡಿದು ಬಂದು ಮತ್ತೆ ನೋಡುತ್ತೇನೆ, ಕ್ಲಿಪ್ಪರ್ಸ್ ಪಿಕ್‌ನ ಹುಡುಗನ ಸಂಬಳ ಸೇರಿಸಿಯೇ ಇಲ್ಲ. ಅದೂ ಹೋಗಲಿ. ಜೇಲನ್ ಈ ಸಲವೂ ವರ್ಷದ ಅತ್ಯುತ್ತಮ ಆಟಗಾರರ ಪಟ್ಟಿಯಾದ ಆಲ್-ಎನ್‌ಬಿಎ ತಂಡಕ್ಕೆ ಬಂದರೆ ಅವನ ಪಾಲು ಕಾಲುಭಾಗ ಅಲ್ಲ, ಶೇಕಡಾ 30ರವರೆಗೂ ಹೋಗಬಹುದು. ಇನ್ನೂ 80 ಲಕ್ಷ! ಈಗ ಅವನು ಚೆನ್ನಾಗಿ ಆಡಲಿ ಅಂತ ಬೇಡಿಕೊಳ್ಳಲಾ, ಬೇಡವಾ ಹೇಳಿ.