ಪದಚರ್ಚೆ: ವೆಲ್ಡಿಂಗ್ ಯಂತ್ರದ ‘ಡ್ಯೂಟಿ ಸೈಕಲ್’ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿಯೇ ಚಿಕ್ಕ ಕಾರ್ಯಾಗಾರ ಇಟ್ಟುಕೊಂಡು ಗೇಟು, ಕಿಟಕಿಯ ಗ್ರಿಲ್, ಹೂಕುಂಡದ ಸ್ಟ್ಯಾಂಡು ಮಾಡಿಕೊಳ್ಳಲು ಬಯಸುವವರು ಮೊದಲ ಮಿಗ್ ವೆಲ್ಡಿಂಗ್ ಯಂತ್ರವನ್ನು (ತಂತಿ ತಾನಾಗಿ ಮುಂದೆ ಬರುತ್ತ ಕರಗಿ ಬೆಸೆಯುವಂಥದ್ದು) ಹೇಗೆ ಆರಿಸಬೇಕು ಎಂಬುದರ ಮೇಲೆ ಕನ್ನಡದಲ್ಲಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ನಾನಿರುವುದು ಪುಣೆಯ ಭೋಸರಿಯಲ್ಲಿ, ಫ್ಯಾಬ್ರಿಕೇಶನ್ ನನ್ನ ಕಸುಬು. ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ಅನೇಕರು ಯಂತ್ರ ಕೊಳ್ಳುವ ಮೊದಲು ಒಂದು ಮಾತು ಕೇಳಿಹೋಗಲು ಬರುತ್ತಾರೆ. ಬಾಯಿಮಾತಿನಲ್ಲಿ ಹೇಳುವಾಗ ತೊಡಕಿಲ್ಲ. ಬರೆಯಲು ಕುಳಿತಾಗ ಕೆಲವು ಪದಗಳು ದಾರಿ ಕಟ್ಟುತ್ತವೆ. ಬಲ್ಲವರ ನೆರವು ಬೇಕಾಗಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ‘ಡ್ಯೂಟಿ ಸೈಕಲ್’. ಯಂತ್ರ ಬಿಸಿಯೇರಿ ತಾನಾಗಿ ನಿಂತುಹೋಗುವ ಮೊದಲು ಎಷ್ಟು ಹೊತ್ತು ಬೆಸುಗೆ ಹಾಕಬಹುದು ಎಂಬುದರ ಅಳತೆ ಇದು. ಹತ್ತು ನಿಮಿಷವನ್ನು ಒಂದು ಘಟಕವೆಂದು ಹಿಡಿಯುತ್ತಾರೆ. ಶೇ. 60 ಎಂದಿದ್ದರೆ ಆರು ನಿಮಿಷ ದುಡಿಮೆ, ನಾಲ್ಕು ನಿಮಿಷ ಬಿಡುವು. ಶೇ. 20 ಎಂದಿದ್ದರೆ ಎರಡು ನಿಮಿಷ ದುಡಿಮೆ, ಎಂಟು ನಿಮಿಷ ಬಿಡುವು. ಬಿಡುವಿನಲ್ಲಿ ಯಂತ್ರವನ್ನು ಆಫ್ ಮಾಡಬಾರದು, ಒಳಗಿನ ಫ್ಯಾನು ತಿರುಗುತ್ತಲೇ ಇರಬೇಕು.

ತಾಂತ್ರಿಕ ಅನುವಾದಗಳಲ್ಲಿ ಇದಕ್ಕೆ ‘ಕಾರ್ಯಚಕ್ರ’ ಎಂಬ ರೂಪವನ್ನು ನೋಡಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಕಾರ್ಯಚಕ್ರ ಎಂದರೆ ಓದುವವನಿಗೆ ಒಂದಾದ ಮೇಲೊಂದು ಸುತ್ತು ನೆನಪಿಗೆ ಬರುತ್ತದೆಯೇ ಹೊರತು ಬಿಡುವು ನೆನಪಿಗೆ ಬರುವುದಿಲ್ಲ. ಕೊಳ್ಳುವವನಿಗೆ ತಿಳಿಯಬೇಕಾದದ್ದು ಆ ಬಿಡುವೇ. ‘ಪಾಳಿ’ ಎಂಬ ಪದವನ್ನೂ ಯೋಚಿಸಿದೆ. ನಮ್ಮ ಕಡೆ ಕಾರ್ಖಾನೆಯಲ್ಲೂ ಪಾಳಿ, ಕಾಲುವೆಯ ನೀರಿಗೂ ಪಾಳಿ. ಮರಾಠಿಯಲ್ಲಿಯೂ ಅದೇ ಪದ ಇರುವುದರಿಂದ ಪುಣೆಯಲ್ಲಿ ಎಲ್ಲರಿಗೂ ಹತ್ತಿರ. ಆದರೆ ಪಾಳಿಯಲ್ಲಿ ಒಬ್ಬರು ಬಿಟ್ಟ ಮೇಲೆ ಇನ್ನೊಬ್ಬರು ಬರುತ್ತಾರೆ. ಇಲ್ಲಿ ಬರುವ ಇನ್ನೊಬ್ಬರಿಲ್ಲ.

ಸದ್ಯಕ್ಕೆ ನಾನು ಬರೆದಿರುವುದು ‘ದುಡಿಮೆಯ ಪಾಲು’. ಅದು ಶೇಕಡಾವಾರು ಅಳತೆಯಾದ್ದರಿಂದ ‘ಪಾಲು’ ಎಂಬುದು ಹೊಂದುತ್ತದೆ. ಪಾಲು ಎಂದ ಕೂಡಲೇ ಉಳಿದ ಪಾಲು ಎಲ್ಲಿ ಹೋಯಿತು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಆದರೆ ಈ ಪದಕ್ಕೂ ಒಂದು ಕೊರತೆಯಿದೆ. ಅದನ್ನು ವಿವರಿಸಲು ಸ್ವಲ್ಪ ಲೆಕ್ಕ ಹೇಳಲೇಬೇಕು.

ಒಂದು ಯಂತ್ರದ ಹಿಂಬದಿಯ ಫಲಕದಲ್ಲಿ 150 ಆಂಪಿಯರ್, ಶೇ. 20 ಎಂದು ಕೆತ್ತಿದ್ದಾರೆ ಎಂದಿಟ್ಟುಕೊಳ್ಳಿ. ನೋಡಿದವರು ಇಪ್ಪತ್ತೇ ಇಪ್ಪತ್ತೇ ಎಂದು ಮುಖ ಸಿಂಡರಿಸಿ ಮುಂದಿನ ಯಂತ್ರದತ್ತ ಹೋಗುತ್ತಾರೆ. ಆದರೆ ಬಿಸಿ ಏರುವುದು ಸರಿಸುಮಾರು ಕರೆಂಟಿನ ವರ್ಗಕ್ಕೆ, ಅಂದರೆ ಕರೆಂಟನ್ನು ಅದರಿಂದಲೇ ಗುಣಿಸಿದ್ದಕ್ಕೆ, ಅನುಗುಣವಾಗಿ. ಆದ್ದರಿಂದ ಅದೇ ಯಂತ್ರವನ್ನು 80 ಆಂಪಿಯರ್‌ನಲ್ಲಿ ಓಡಿಸಿದರೆ ದುಡಿಮೆಯ ಪಾಲು ಅಂದಾಜು ಶೇ. 70ಕ್ಕೆ ಏರುತ್ತದೆ. 67 ಆಂಪಿಯರ್ ಆಸುಪಾಸಿನಲ್ಲಿ ಅದು ಬಿಡುವೇ ಇಲ್ಲದೆ ಓಡಬಲ್ಲದು. ಮನೆಯ ಕೆಲಸಕ್ಕೆ ಬಳಸುವ ಚೌಕ ಪೈಪು ಸಾಮಾನ್ಯವಾಗಿ 16 ಗೇಜಿನದು, ಅಂದರೆ 1.6 ಮಿ.ಮೀ. ದಪ್ಪದ್ದು. ಮಿಲಿಮೀಟರಿಗೆ ಸುಮಾರು 40 ಆಂಪಿಯರ್ ಎಂಬ ಕಸುಬಿನ ಲೆಕ್ಕ ಹಿಡಿದರೆ ಅದಕ್ಕೆ 60ರಿಂದ 70 ಆಂಪಿಯರ್ ಸಾಕು. 25 ಮಿ.ಮೀ. ಪೈಪಿನ ಒಂದು ಬದಿಯನ್ನು ಬೆಸೆಯಲು ನಾಲ್ಕೈದು ಸೆಕೆಂಡು, ಸುತ್ತಲೂ ಬೆಸೆದರೆ ಇಪ್ಪತ್ತು ಸೆಕೆಂಡು. ಆಮೇಲೆ ಕ್ಲ್ಯಾಂಪು ಬಿಚ್ಚಬೇಕು, ತುಂಡನ್ನು ತಿರುಗಿಸಬೇಕು, ಮೂಲೆಮಟ್ಟವಿಟ್ಟು ಮೂಲೆ ನೋಡಬೇಕು. ಯಂತ್ರಕ್ಕೆ ಬೇಕಾದ ಬಿಡುವು ಅಷ್ಟರಲ್ಲಿ ತಾನೇ ಸಿಕ್ಕಿರುತ್ತದೆ. ಹೀಗಾಗಿ ಮನೆಯ ಕೆಲಸಕ್ಕೆ ಈ ಯಂತ್ರ ಧಾರಾಳವಾಗಿ ಸಾಕು ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಪದದ ಪ್ರಶ್ನೆ ಇಲ್ಲಿಯೇ ಇದೆ. ಶೇಕಡಾವಾರು ಸಂಖ್ಯೆ ಆಂಪಿಯರ್‌ನ ಜೊತೆಗಿದ್ದರೆ ಮಾತ್ರ ಅರ್ಥ ಕೊಡುತ್ತದೆ. ಬಿಡಿಯಾಗಿ ಅದಕ್ಕೆ ಬೆಲೆಯಿಲ್ಲ. ‘200 ಆಂಪಿಯರ್ ಯಂತ್ರ’ ಎಂಬುದೂ ಬಿಡಿಯಾಗಿ ಅಷ್ಟೇ ಪೊಳ್ಳು. ಆದ್ದರಿಂದ ‘150ಕ್ಕೆ 20ರ ಪಾಲು’ ಎನ್ನುವಂಥ, ಎರಡನ್ನೂ ಒಟ್ಟಿಗೆ ಹಿಡಿದಿಡುವ ನುಡಿಗಟ್ಟು ಬೇಕು. ಇನ್ನೊಂದು ಅಂಶವೂ ಜೊತೆಗಿದೆ. ಅಂತರರಾಷ್ಟ್ರೀಯ ಮಾನದಂಡದಂತೆ ಈ ಅಳತೆಯನ್ನು 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೇಳಬೇಕು. ಕೆಲವು ತಯಾರಕರು 25 ಡಿಗ್ರಿಯಲ್ಲಿ ಅಳೆದು ದೊಡ್ಡ ಸಂಖ್ಯೆ ತೋರಿಸುತ್ತಾರೆ. ಏಪ್ರಿಲ್ ತಿಂಗಳಲ್ಲಿ ಪುಣೆಯ ಪತ್ರಾ ಶೆಡ್ಡಿನಡಿ ನಿಂತವರಿಗೆ ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಫಲಕದಲ್ಲಿ ಉಷ್ಣತೆಯನ್ನೂ ಓದಿ ಎಂದು ಹೊತ್ತಗೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸುತ್ತಿದ್ದೇನೆ.

ಆಂಪಿಯರ್ ಎಂಬ ಪದವೇ ಎರಡನೆಯ ತೊಡಕು. “ಗೋಡೆಯ ಪ್ಲಗ್ಗು 16 ಆಂಪಿಯರ್, ಯಂತ್ರ 200 ಆಂಪಿಯರ್, ಸುಟ್ಟುಹೋಗುವುದಿಲ್ಲವೇ?” ಎಂದು ಬಂದವರೆಲ್ಲ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಗೋಡೆಯಿಂದ ಬರುವುದು 230 ವೋಲ್ಟಿನ ಕರೆಂಟು, ಟಾರ್ಚಿನ, ಅಂದರೆ ಕೈಯಲ್ಲಿ ಹಿಡಿದು ಬೆಸೆಯುವ ಹಿಡಿಕೆಯ, ತುದಿಯಲ್ಲಿ ಹೊರಡುವುದು ಇಪ್ಪತ್ತರ ಆಸುಪಾಸಿನ ವೋಲ್ಟಿನ ಕರೆಂಟು. ವೋಲ್ಟು ಇಳಿದಂತೆ ಆಂಪಿಯರ್ ಏರುತ್ತದೆ. ಇದಕ್ಕೆ ನನಗೆ ಹೊಳೆದ ಪದಗಳು ‘ಒಳಹರಿವು’ ಮತ್ತು ‘ಹೊರಹರಿವು’. ಮಳೆಗಾಲದಲ್ಲಿ ಪತ್ರಿಕೆಗಳು ಆಲಮಟ್ಟಿ ಜಲಾಶಯದ ಒಳಹರಿವು, ಹೊರಹರಿವನ್ನು ದಿನವೂ ಕ್ಯುಸೆಕ್ ಲೆಕ್ಕದಲ್ಲಿ ಅಚ್ಚು ಹಾಕುವುದರಿಂದ ಈ ಜೋಡಿ ಎಲ್ಲರಿಗೂ ಗೊತ್ತು. ‘ಹೊರಹರಿವು 100 ಆಂಪಿಯರ್ ಇದ್ದಾಗ ಒಳಹರಿವು ಸುಮಾರು 14 ಆಂಪಿಯರ್’ ಎಂದು ಬರೆದರೆ ಮನೆಯ 16 ಆಂಪಿಯರ್ ಸಾಕೆಟ್ ಎಲ್ಲಿಯವರೆಗೆ ತಡೆಯುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. 200 ಆಂಪಿಯರ್ ಪೂರ್ತಿ ಎಳೆಯಬೇಕಾದರೆ ಒಳಹರಿವು ಮೂವತ್ತು ಆಂಪಿಯರ್ ದಾಟುತ್ತದೆ. ಅದಕ್ಕೆ ಬೇರೆಯೇ ವೈರಿಂಗ್ ಬೇಕು, ಮನೆಯ ಮಂಜೂರಾದ ಲೋಡ್ ಎಷ್ಟೆಂದು ಕರೆಂಟ್ ಬಿಲ್ಲಿನಲ್ಲಿ ನೋಡಿಕೊಳ್ಳಬೇಕು. ಆದರೆ ವಿದ್ಯುತ್ತಿಗೆ ‘ಹರಿವು’ ಎಂದು ಬಳಸುವುದಕ್ಕೆ ಪಠ್ಯಪುಸ್ತಕ ಬರೆಯುವವರ ಆಕ್ಷೇಪ ಏನಾದರೂ ಇದೆಯೇ? ‘ವಿದ್ಯುತ್ ಪ್ರವಾಹ’ ಎಂಬುದು ಇರುವಾಗ ಇದೂ ಸಲ್ಲಬೇಕು ಎಂಬುದು ನನ್ನ ವಾದ.

ಮೂರನೆಯದು ಪದದ ಪ್ರಶ್ನೆಯೂ ಹೌದು, ಜೀವದ ಪ್ರಶ್ನೆಯೂ ಹೌದು. ವೆಲ್ಡಿಂಗ್ ಯಂತ್ರದಿಂದ ಎರಡು ದಪ್ಪ ಕೇಬಲ್ ಹೊರಡುತ್ತವೆ. ಒಂದು ಟಾರ್ಚಿಗೆ ಹೋಗುತ್ತದೆ. ಇನ್ನೊಂದರ ತುದಿಯಲ್ಲಿ ಹಲ್ಲಿನ ಕ್ಲ್ಯಾಂಪು ಇರುತ್ತದೆ, ಅದನ್ನು ಕೆಲಸದ ತುಂಡಿಗೆ ಕಚ್ಚಿಸುತ್ತೇವೆ. ಈ ಕ್ಲ್ಯಾಂಪನ್ನು ಭೋಸರಿಯಲ್ಲಿ, ಮುಂಬಯಿಯಲ್ಲಿ, ನಮ್ಮ ಊರುಗಳಲ್ಲಿ ಎಲ್ಲರೂ ‘ಅರ್ಥ್’ ಅಥವಾ ‘ಅರ್ಥಿಂಗ್’ ಎಂದೇ ಕರೆಯುತ್ತಾರೆ. ಆದರೆ ಅದಕ್ಕೂ ಭೂಮಿಗೂ ಸಂಬಂಧವಿಲ್ಲ. ಟಾರ್ಚಿನಿಂದ ಹೊರಟ ಕರೆಂಟು ಯಂತ್ರಕ್ಕೆ ಹಿಂದಿರುಗುವ ದಾರಿ ಅದು. ನಿಜವಾದ ಅರ್ಥಿಂಗ್ ಇರುವುದು ಪ್ಲಗ್ಗಿನ ಮೂರನೆಯ ದಪ್ಪ ಪಿನ್ನಿನಲ್ಲಿ. ಯಂತ್ರದ ಲೋಹದ ಮೈಗೆ ಕರೆಂಟು ಸೋರಿದರೆ ಮನುಷ್ಯನನ್ನು ಕಾಪಾಡುವುದು ಅದು.

ಒಂದೇ ಪದ ಎರಡು ಬೇರೆ ಕೆಲಸಗಳಿಗೆ ಬಿದ್ದಾಗ ಏನಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಿದ್ದೇನೆ. ಮೂರನೆಯ ಪಿನ್ನಿನ ತಂತಿ ಕಿತ್ತುಹೋದ ಪ್ಲಗ್ಗಿನಲ್ಲಿ ಯಂತ್ರ ಓಡಿಸುತ್ತಿದ್ದ ಹುಡುಗನೊಬ್ಬನಿಗೆ “ಅರ್ಥಿಂಗ್ ಇಲ್ಲವಲ್ಲಪ್ಪಾ” ಎಂದರೆ, ಅವನು ಕ್ಲ್ಯಾಂಪನ್ನು ಅಲುಗಾಡಿಸಿ ತೋರಿಸಿ, “ಇದೆ ನೋಡಿ ಕಾಕಾ, ಗಟ್ಟಿ ಇದೆ” ಎಂದ. ಅವನ ಉತ್ತರದಲ್ಲಿ ತಪ್ಪಿರಲಿಲ್ಲ, ಅವನಿಗೆ ಸಿಕ್ಕ ಪದವೇ ಅದು. ಹಾಗಾಗಿ ಮೂರನೆಯ ಪಿನ್ನಿಗೆ ಮಾತ್ರ ‘ಭೂಸಂಪರ್ಕ’ ಎಂದು ಬರೆದು, ಕ್ಲ್ಯಾಂಪಿಗೆ ಬೇರೆ ಹೆಸರು ಕೊಡಲೇಬೇಕು ಎಂದು ನಿರ್ಧರಿಸಿದ್ದೇನೆ. ‘ಮರಳು ತಂತಿ’ ಎಂದರೆ ಮರಳಿನ ಜೊತೆ ಗೊಂದಲವಾಗುತ್ತದೆ. ‘ಪ್ರತ್ಯಾಗಮನ ವಾಹಕ’ ಎಂದರೆ ಶೆಡ್ಡಿನಲ್ಲಿ ಯಾರೂ ನಾಲಗೆ ಹೊರಳಿಸುವುದಿಲ್ಲ. ‘ವಾಪಸ್ ಕೇಬಲ್’ ಮತ್ತು ‘ವಾಪಸ್ ಕ್ಲ್ಯಾಂಪು’ ನನಗೆ ಸರಿ ಕಾಣುತ್ತವೆ. ಇದಕ್ಕಿಂತ ಒಳ್ಳೆಯದು ಇದ್ದರೆ ದಯವಿಟ್ಟು ಹೇಳಿ. ಬಣ್ಣ ಬಳಿದ ಜಾಗಕ್ಕೆ, ತುಕ್ಕು ಹಿಡಿದ ಜಾಗಕ್ಕೆ ಈ ಕ್ಲ್ಯಾಂಪು ಕಚ್ಚಿಸಿದರೆ ಕಿಡಿ ತಡವರಿಸುತ್ತದೆ, ತಂತಿ ಕರಗದೆ ತುಂಡಿಗೆ ಗುದ್ದಿ ಟಾರ್ಚನ್ನು ಹಿಂದಕ್ಕೆ ನೂಕುತ್ತದೆ. ಹೊಸಬರು ಇದನ್ನು ಯಂತ್ರದ ದೋಷ ಎಂದುಕೊಂಡು ಅಂಗಡಿಗೆ ಹೊತ್ತುಕೊಂಡು ಹೋಗುತ್ತಾರೆ.

ಇನ್ನು ಯಂತ್ರದ ಹೆಸರು. ಮಿಗ್ (ಮೆಟಲ್ ಇನರ್ಟ್ ಗ್ಯಾಸ್) ಎಂಬ ಹೆಸರಿನಲ್ಲಿ ಜಡಾನಿಲ, ಅಂದರೆ ಕ್ರಿಯೆ ನಡೆಸದ ಅನಿಲ, ಎಂಬ ಅರ್ಥ ಅಡಗಿದೆ. ಕರಗಿದ ಲೋಹಕ್ಕೆ ಗಾಳಿ ತಾಗದಂತೆ ನಾವು ಸಾದಾ ಕಬ್ಬಿಣಕ್ಕೆ ಬಳಸುವುದು ಬಹುಪಾಲು ಇಂಗಾಲದ ಡೈಆಕ್ಸೈಡ್ ಅನಿಲವನ್ನು, ಅಥವಾ ಆರ್ಗಾನ್ ಜೊತೆ ಅದರ ಮಿಶ್ರಣವನ್ನು. ಕಿಡಿಯ ಬಿಸಿಗೆ ಇಂಗಾಲದ ಡೈಆಕ್ಸೈಡ್ ಒಡೆದು ಕ್ರಿಯೆ ನಡೆಸುವುದರಿಂದ ಅದು ಜಡಾನಿಲವಲ್ಲ. ಶಾಸ್ತ್ರದ ಪ್ರಕಾರ ಆ ವಿಧಾನದ ಹೆಸರು ಮ್ಯಾಗ್ (ಮೆಟಲ್ ಆಕ್ಟಿವ್ ಗ್ಯಾಸ್). ಶೆಡ್ಡಿನವರು ಈ ಎರಡೂ ಬಿಟ್ಟು ‘ಸಿಓಟು ವೆಲ್ಡಿಂಗ್’ ಎನ್ನುತ್ತಾರೆ, ನನ್ನ ಮಟ್ಟಿಗೆ ಅದೇ ಸತ್ಯಕ್ಕೆ ಹತ್ತಿರ. ಅಂಗಡಿಯಲ್ಲಿ ಮಿಗ್ ಎಂದೇ ಕೇಳಬೇಕಾದ್ದರಿಂದ ಹೊತ್ತಗೆಯಲ್ಲಿ ಮಿಗ್ ಉಳಿಸಿಕೊಂಡಿದ್ದೇನೆ. ‘ಜಡಾನಿಲ ಬೆಸುಗೆ’ ಎಂಬ ಅನುವಾದವನ್ನು ಮಾತ್ರ ಬೇಡವೆಂದು ಬಿಟ್ಟಿದ್ದೇನೆ.

ಅನಿಲವೇ ಬೇಡದ ತಂತಿಯೂ ಇದೆ. ಒಳಗೆ ಪುಡಿ ತುಂಬಿದ ಟೊಳ್ಳು ತಂತಿ ಅದು. ಗಾಳಿ ಬೀಸುವ ಅಂಗಳದಲ್ಲಿ, ಮನೆಯ ಮೇಲಿನ ಟೆರೇಸಿನಲ್ಲಿ ಸಿಲಿಂಡರಿನ ಅನಿಲ ಹಾರಿಹೋಗಿ ಬೆಸುಗೆಯಲ್ಲಿ ತೂತು ಬೀಳುತ್ತದೆ. ಅಂಥಲ್ಲಿ ಈ ತಂತಿ ಒಳ್ಳೆಯದು. ಸಿಲಿಂಡರಿನ ಖರ್ಚೂ ಉಳಿಯುತ್ತದೆ. ಆದರೆ ಇದಕ್ಕೆ ಯಂತ್ರದೊಳಗಿನ ಧನ, ಋಣ ಜೋಡಣೆಯನ್ನು ಅದಲುಬದಲು ಮಾಡಬೇಕು: ಗಟ್ಟಿ ತಂತಿಗೆ ಟಾರ್ಚು ಧನ, ಅನಿಲವಿಲ್ಲದ ಪುಡಿತಂತಿಗೆ ಟಾರ್ಚು ಋಣ. ಈ ಬದಲಾವಣೆಗೆ ಅವಕಾಶವಿಲ್ಲದ ಯಂತ್ರವನ್ನು ಕೊಳ್ಳಬೇಡಿ. ಪುಡಿತಂತಿಯಲ್ಲಿ ಬೆಸೆದರೆ ಬೆಸುಗೆಯ ಮೇಲೆ ಕಪ್ಪು ಪದರ ಕಟ್ಟುತ್ತದೆ, ಅದನ್ನು ಕುಟ್ಟಿ ತೆಗೆಯಬೇಕು. ಅಂಗಡಿಯವರು ಇದನ್ನು ಸ್ಲ್ಯಾಗ್ ಎನ್ನುತ್ತಾರೆ. ಕನ್ನಡದಲ್ಲಿ ‘ಕಿಟ್ಟ’ ಎಂಬ ಹಳೆಯ ಪದವಿದೆ, ಕಬ್ಬಿಣದ ಕಿಟ್ಟ ಎಂದು ಹಿರಿಯರ ಬಾಯಲ್ಲಿ ಕೇಳಿದ್ದೇನೆ. ಇಷ್ಟು ಚೊಕ್ಕವಾದ ಪದ ಕೈಯಲ್ಲಿರುವಾಗ ಬೇರೆಯದನ್ನು ಹುಡುಕುವುದು ಬೇಡ. ಒಳಗಿನ ಪುಡಿಗೆ, ಅಂದರೆ ಫ್ಲಕ್ಸಿಗೆ, ಏನೆನ್ನಬೇಕು ಎಂಬುದು ಮಾತ್ರ ಬಗೆಹರಿದಿಲ್ಲ. ಅಕ್ಕಸಾಲಿಗರು ಬೆಸೆಯುವಾಗ ಹಾಕುವುದು ಬಿಳಿಗಾರ. ಅದು ಒಂದು ನಿರ್ದಿಷ್ಟ ವಸ್ತುವಿನ ಹೆಸರು. ಅದನ್ನೇ ಹಿಗ್ಗಿಸಿ ಎಲ್ಲ ಬಗೆಯ ಫ್ಲಕ್ಸಿಗೂ ಬಳಸಬಹುದೇ?

ತಂತಿಯನ್ನು ಟಾರ್ಚಿಗೆ ತಳ್ಳುವ ಭಾಗಕ್ಕೆ ‘ತಂತಿಯೂಡಿಕೆ’ ಎಂದಿಟ್ಟಿದ್ದೇನೆ, ಮಗುವಿಗೆ ಹಾಲೂಡುವ ‘ಊಡು’ ಧಾತುವಿನಿಂದ. ಓದುವಾಗ ತೊಡಕಾಗುತ್ತದೆಯೇ ತಿಳಿಸಿ.

‘ಎಂಟ್ರಿ ಲೆವೆಲ್’ ಎಂಬುದನ್ನು ಜಾಲತಾಣದ ಅಂಗಡಿಗಳು ‘ಪ್ರವೇಶ ಮಟ್ಟದ’ ಎಂದು ಅನುವಾದಿಸಿವೆ. ಕೆಲವರು ‘ಕಲಿಯುವವರ ಯಂತ್ರ’ ಎನ್ನುತ್ತಾರೆ. ಎರಡನೆಯದರ ಬಗ್ಗೆ ನನಗೆ ಗಟ್ಟಿ ಆಕ್ಷೇಪವಿದೆ. ಬೆಲೆ ಕಡಿಮೆ ಇರುವುದು ಬೇರೆ, ಕಲಿಯಲು ಸುಲಭವಾಗಿರುವುದು ಬೇರೆ. ತೀರ ಅಗ್ಗದ ಯಂತ್ರದಲ್ಲಿ ತಂತಿಯ ವೇಗ ಒಂದೇ ಸಮನಾಗಿರುವುದಿಲ್ಲ, ವೋಲ್ಟನ್ನು ನಾಲ್ಕೇ ಹಂತದಲ್ಲಿ ಬದಲಿಸಬೇಕಾಗುತ್ತದೆ, ಟಾರ್ಚನ್ನು ಬಿಚ್ಚಿ ಬೇರೆಯದನ್ನು ಹಾಕಲು ಬರುವುದಿಲ್ಲ. ನುರಿತವನು ಅದರಲ್ಲೂ ಸಂಭಾಳಿಸುತ್ತಾನೆ, ಕಲಿಯುವವನು ತನ್ನ ಕೈಯೇ ಸರಿಯಿಲ್ಲ ಎಂದುಕೊಂಡು ಬಿಟ್ಟುಬಿಡುತ್ತಾನೆ. ಇದನ್ನು ‘ಮೊದಲ ದರ್ಜೆಯ’ ಎಂದರೆ ಅರ್ಥವೇ ತಿರುಗುಮುರುಗಾಗುತ್ತದೆ. ‘ಕೆಳಬೆಲೆಯ’ ಎಂದು ನೇರವಾಗಿ ಬರೆದುಬಿಡಲೇ?

ಕೊನೆಯದಾಗಿ ಮರಾಠಿಯ ಒಂದು ಮಾತು. ಮಹಾರಾಷ್ಟ್ರದ ಐಟಿಐಗಳಲ್ಲಿ ವೆಲ್ಡರ್ ತರಬೇತಿಗೆ ‘ಸಂಧಾತಾ’, ಫಿಟ್ಟರಿಗೆ ‘ಜೋಡಾರಿ’, ಟರ್ನರಿಗೆ ‘ಕಾತಾರಿ’ ಎಂಬ ಹೆಸರುಗಳಿವೆ. ಜೋಡಾರಿ, ಕಾತಾರಿ ಎಂಬವು ಕೇಳಲು ಎಷ್ಟು ಚೆಂದ! ನಮ್ಮಲ್ಲಿ ವೆಲ್ಡರನಿಗೆ ‘ಬೆಸುಗೆಗಾರ’ ಎನ್ನಬಹುದು, ಆದರೆ ರೇಡಿಯೋ ರಿಪೇರಿಯ ಸೋಲ್ಡರಿಂಗ್ ಕೂಡ ಬೆಸುಗೆಯೇ. ಕಬ್ಬಿಣವನ್ನೇ ಕರಗಿಸಿ ಕೂಡಿಸುವುದಕ್ಕೂ ನಡುವೆ ಬೇರೆ ಲೋಹ ಹರಿಸಿ ಅಂಟಿಸುವುದಕ್ಕೂ ಬೇರೆ ಬೇರೆ ಪದಗಳು ಕುಲುಮೆಯಲ್ಲಿ ಇದ್ದಿರಲೇಬೇಕು. ಕಮ್ಮಾರಿಕೆಯ ಮನೆತನದವರು, ಗಾಡಿಯ ಗಾಲಿಗೆ ಹಳಿ ಕೂಡಿಸುವುದನ್ನು ನೋಡಿ ಬೆಳೆದವರು ಇಲ್ಲಿದ್ದರೆ, ಅಲ್ಲಿ ಏನೆನ್ನುತ್ತಿದ್ದರು ಎಂಬುದನ್ನು ಬರೆಯಿರಿ. ಪದದ ಜೊತೆಗೆ ಅದು ಯಾವ ತಾಲ್ಲೂಕಿನದು ಎಂಬುದನ್ನೂ ಸೇರಿಸಿ. ಡ್ಯೂಟಿ ಸೈಕಲ್ ಮತ್ತು ವಾಪಸ್ ಕ್ಲ್ಯಾಂಪು, ಈ ಎರಡಕ್ಕೆ ಉತ್ತರ ಮೊದಲು ಬೇಕು. ಉಳಿದವನ್ನು ಎರಡನೆಯ ಮುದ್ರಣದಲ್ಲಿ ತಿದ್ದಿಕೊಳ್ಳಬಹುದು.